ಆದಾಮನ ಮಕ್ಕಳೋ, ಅಲ್ಲವೋ

ಈ ಅಪಾರ ವಿಶ್ವದಲ್ಲಿ ಮನುಷ್ಯ ಒಬ್ಬಂಟಿಯೇ ಎಂಬ ಪ್ರಶ್ನೆ ಮನುಷ್ಯನಷ್ಟೇ ಹಳೆಯದು. ದೊಡ್ಡ ದೊಡ್ಡ ತಲೆಗಳು ಅದರ ಮುಂದೆ ಬಾಗಿವೆ. ಶಂಕರಪುರದ ಕಡೆ ಹೆಣ್ಣು ನೋಡಲು ಹೋದವನಿಗೆ ಮಾತ್ರ ಅದರ ಉತ್ತರ ಮೊದಲ ಹತ್ತು ನಿಮಿಷದಲ್ಲೇ ಸಿಗುತ್ತದೆ. ಒಬ್ಬಂಟಿಯಲ್ಲ. ಕಿಟಕಿಯಲ್ಲಿ ಐದು ಜನ, ಬಾಗಿಲ ಸಂದಿಯಲ್ಲಿ ಮೂವರು, ಮಲ್ಲಿಗೆ ಗಿಡಗಳ ಆಚೆ ಲೆಕ್ಕಕ್ಕೆ ಸಿಗದಷ್ಟು ಮಂದಿ ಅವನನ್ನು ಗಮನಿಸುತ್ತಿರುತ್ತಾರೆ. ಮತ್ತು ಅವರಿಗೆ ಅವನಿಗಿಂತ ಬುದ್ಧಿ ಹೆಚ್ಚಿರುತ್ತದೆ.

ಎಪ್ಪತ್ತರ ದಶಕ ಮುಗಿಯಲು ಇನ್ನೆರಡು ವರ್ಷ ಇತ್ತು. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಮನೆ ಕಾರ್ಕಳದ ಹತ್ತಿರ, ನಿಟ್ಟೆಗೆ ಹೋಗುವ ದಾರಿಯಲ್ಲಿ. ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಮೂವತ್ತು ದಾಟಿಯೂ ಮದುವೆಯಾಗದ ಗಂಡು ಒಂದೋ ಪಾದ್ರಿಯಾಗಿರಬೇಕು, ಇಲ್ಲವೇ ಕುವೈತಿನಲ್ಲಿರಬೇಕು. ನಾನು ಎರಡೂ ಅಲ್ಲದ ಕಾರಣ ಅಮ್ಮ ನನ್ನನ್ನು ಅರ್ಧಕ್ಕೆ ನಿಂತ ಬಾವಿ ಕೆಲಸದಂತೆ ನೋಡುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಮುಂದೆ ಬರುವ ಮಾತುಗಳಲ್ಲಿ ಹೆಚ್ಚಿನವು ಆ ಭಾಷೆಯವು; ನಮ್ಮ ಜಿಲ್ಲೆಯ ಕನ್ನಡಕ್ಕೆ ತಂದಿದ್ದೇನೆ.

ಹುಡುಗಿ ಕಾಪುವಿನ ಒಂದು ಶಾಲೆಯಲ್ಲಿ ಟೀಚರ್. ಮನೆ ಶಂಕರಪುರದಿಂದ ಸ್ವಲ್ಪ ಒಳಗೆ, ಮಲ್ಲಿಗೆ ತೋಟದ ಮಧ್ಯೆ. ತಂದೆ ಇರಲಿಲ್ಲ. ಯಜಮಾನಿಕೆ ಅಜ್ಜನದು, ಅಜ್ಜನಿಗೆ ನಮ್ಮಲ್ಲಿ ಆಬ್ ಎನ್ನುತ್ತಾರೆ. ಆಬ್ ಊರಿನ ಚರ್ಚಿನಲ್ಲಿ, ನಮ್ಮ ಮಾತಿನ ಇಗರ್ಜಿಯಲ್ಲಿ, ನಲವತ್ತು ವರ್ಷ ಮಕ್ಕಳಿಗೆ ಧರ್ಮಪಾಠ ಹೇಳಿಕೊಟ್ಟವರು. ಅವರ ಕ್ರಮ ಹೀಗೆ: ಮೊದಲು ಪ್ರಶ್ನೆ, ನಂತರ ಬೆತ್ತದಿಂದ ಕಂಬಕ್ಕೆ ಒಂದು ಪೆಟ್ಟು, ಪೆಟ್ಟಿನ ಸದ್ದು ಅಡಗುವ ಮೊದಲು ಪುಸ್ತಕದಲ್ಲಿದ್ದ ಹಾಗೆಯೇ ಉತ್ತರ. ತಪ್ಪು ಉತ್ತರವನ್ನು ಅವರು ತಾಳ್ಮೆಯಿಂದ ತಿದ್ದುತ್ತಿದ್ದರು. 'ಗೊತ್ತಿಲ್ಲ' ಎಂದವರನ್ನು ಮಾತ್ರ ಮೊಣಕಾಲೂರಿಸುತ್ತಿದ್ದರು. ಗೊತ್ತಿಲ್ಲದಿರುವುದು ತಪ್ಪಲ್ಲ, ಅದನ್ನೇ ಉತ್ತರವೆಂದು ಒಪ್ಪಿಸುವುದು ಉದ್ಧಟತನ ಎಂಬುದು ಅವರ ಸಿದ್ಧಾಂತ. ಹೆಣ್ಣು ನೋಡಲು ಹೋದ ದಿನ ಇದನ್ನು ಅವರ ಬಾಯಿಂದಲೇ ಕೇಳಿ ನಾನು ಮೆಚ್ಚಿ ತಲೆದೂಗಿದೆ. ಪ್ರಾಯೋಗಿಕ ಪರೀಕ್ಷೆಯ ವೈವಾದಲ್ಲಿ ನನ್ನದೂ ಅದೇ ಕಾನೂನು.

ನಮ್ಮಲ್ಲಿ ಮದುವೆ ನಿಶ್ಚಯವಾದರೆ ಸಾಲದು. ಗಂಡಿನ ಮತ್ತು ಹೆಣ್ಣಿನ ಎರಡೂ ಇಗರ್ಜಿಗಳಲ್ಲಿ ಮೂರು ಭಾನುವಾರ ಪೂಜೆಯ ಹೊತ್ತಿಗೆ ಅದನ್ನು ಓದಿ ಹೇಳಬೇಕು. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ. ಇದಕ್ಕೆ ಅಡ್ಡಿ ಇರುವುದು ಯಾರಿಗಾದರೂ ತಿಳಿದಿದ್ದರೆ ವಿಗಾರರಿಗೆ, ಅಂದರೆ ಇಗರ್ಜಿಯ ಮುಖ್ಯ ಗುರುಗಳಿಗೆ, ತಿಳಿಸತಕ್ಕದ್ದು. ತಿಳಿದೂ ಬಾಯಿ ಮುಚ್ಚಿಕೊಂಡರೆ ಪಾಪ. ಮೊದಲ ಕರೆ, ಎರಡನೆಯ ಕರೆ, ಮೂರನೆಯ ಕರೆ ಎಂದು ಮನೆಯಲ್ಲಿ ಎಣಿಸುತ್ತಿದ್ದರು. ಅಡ್ಡಿ ಎಂದರೆ ಮೊದಲೇ ಒಂದು ಹೆಂಡತಿ ಇರುವುದು, ತೀರ ಹತ್ತಿರದ ರಕ್ತಸಂಬಂಧ, ಇಂಥವು. ನಕ್ಷತ್ರಮಂಡಲ ಆ ಪಟ್ಟಿಯಲ್ಲಿ ಇರಲಿಲ್ಲ.

ಮದುವೆಯನ್ನು ಮೂರನೆಯ ಕರೆ ಮುಗಿದ ಬುಧವಾರಕ್ಕೆ ಇಟ್ಟಿದ್ದರು. ಮುಂದೂಡುವ ಹಾಗಿರಲಿಲ್ಲ. ಅದರ ಮುಂದಿನದು ಬೂದಿ ಬುಧವಾರ. ಅಲ್ಲಿಂದ ನಲವತ್ತು ದಿನ ತಪಸ್ಸಿನ ಕಾಲ, ಮದುವೆ ಇಲ್ಲ. ತಂದೆಯ ಸ್ಥಾನದಲ್ಲಿ ನಿಂತು ಹುಡುಗಿಯನ್ನು ಒಪ್ಪಿಸಬೇಕಾದ ಅವಳ ಅಣ್ಣನಿಗೆ ಅಷ್ಟರಲ್ಲಿ ಕುವೈತಿನ ರಜೆ ಮುಗಿಯುತ್ತಿತ್ತು, ಮತ್ತೆ ಬರುವುದು ಎರಡು ವರ್ಷ ಬಿಟ್ಟು. ಅಷ್ಟಲ್ಲದೆ, ಒಮ್ಮೆ ಅಡ್ಡಿ ಬಂದ ಮದುವೆಯ ಅಡ್ಡಿ ಏನೆಂದು ಊರು ನೆನಪಿಡುವುದಿಲ್ಲ. ಬಂದದ್ದನ್ನು ಮಾತ್ರ ಮೂರು ತಲೆಮಾರು ಮರೆಯುವುದಿಲ್ಲ. ಅದೂ ಗಂಡಿನ ಲೆಕ್ಕದಲ್ಲಿ ಅಲ್ಲ, ಹೆಣ್ಣಿನ ಲೆಕ್ಕದಲ್ಲಿ.

ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಕೆಡಿಸಲು ಒಬ್ಬ ವಿದ್ಯಾವಂತ ಬೇಕಾಗಿತ್ತು. ನಾನಿದ್ದೆ.

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕ ನನ್ನ ಆಪ್ತ ಸ್ನೇಹಿತ. ಉಡುಪಿಯವನು, ಮನೆಮಾತು ತುಳು. ಬೇರೆಯವರು ಬೇಲಿ ಒತ್ತಿದ ಪಕ್ಕದ ಮನೆಯವರ ಬಗ್ಗೆ ಮಾತಾಡುವ ಧಾಟಿಯಲ್ಲಿ ಅವನು ದೇವರ ಬಗ್ಗೆ ಮಾತಾಡುತ್ತಿದ್ದ. ಅವನೊಂದು ವಿಜ್ಞಾನ ಸಂಘ ಕಟ್ಟಿ, ಶನಿವಾರ ಸಂಜೆಗಳಲ್ಲಿ ಉಡುಪಿಯ ಒಂದು ಶಾಲೆಯ ಸಭಾಂಗಣದಲ್ಲಿ ಉಪನ್ಯಾಸ ಇಡಿಸುತ್ತಿದ್ದ. ಅಮೆರಿಕದವರ ಯಂತ್ರ ಮಂಗಳನ ಮೇಲಿಳಿದು ಅಲ್ಲಿನ ಮಣ್ಣು ಕೆದಕಿದ ಸುದ್ದಿ ಇನ್ನೂ ಬಿಸಿಯಾಗಿದ್ದ ಕಾಲ. 'ಬೇರೆ ಲೋಕಗಳಲ್ಲಿ ಜೀವ' ಎಂದು ನನಗೆ ವಿಷಯ ಕೊಟ್ಟ. ಮೊದಲ ಕರೆಯ ಹಿಂದಿನ ಸಂಜೆ ನಾನು ಮಾತಾಡಿದೆ.

ಚೆನ್ನಾಗಿಯೇ ಮಾತಾಡಿದೆ, ಅದೇ ತೊಂದರೆ. ಕಾಪುವಿನ ಕಡಲತೀರದ ಮರಳನ್ನೆಲ್ಲ ನಕ್ಷತ್ರಗಳೆಂದು ತಿಳಿಯಿರಿ ಎಂದೆ. ಅದರಲ್ಲಿ ಒಂದೇ ಒಂದು ಕಣದ ಪಕ್ಕ ಮಾತ್ರ ಯಾರೋ ಕುಳಿತು ಚಹಾ ಕುಡಿಯುತ್ತಿದ್ದಾರೆ, ಉಳಿದದ್ದೆಲ್ಲ ಖಾಲಿ ಎಂದರೆ ನಂಬುವಿರಾ ಎಂದೆ. ಜೀವ ಉಂಟೇ ಎಂಬ ಪರೀಕ್ಷೆಗೆ ಮಂಗಳನ ಮಣ್ಣು ಮೊದಲು ಹೌದೆಂದು ಆಮೇಲೆ ಇಲ್ಲವೆಂದ ವಿಚಾರವನ್ನು, ವಾಕ್ಯದ ಓಟ ಕೆಡುತ್ತದೆಂದು, ಬಿಟ್ಟುಬಿಟ್ಟೆ. ಕೊನೆಗೆ ಯಾರೋ ಹಿಂದಿನಿಂದ ಕೇಳಿದರು: "ಹಾಗಾದರೆ ನಮ್ಮ ಹಾಗಿನ ಜನ ಬೇರೆ ಕಡೆ ಇದ್ದಾರೆ ಅಂತ ಹೇಳಬಹುದಾ ಸರ್?"

"ಖಂಡಿತ" ಎಂದೆ.

ದೊಡ್ಡ ಚಪ್ಪಾಳೆ ಬಿತ್ತು. ಜೀವನದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ. ಮರುದಿನ ಎರಡೂ ಇಗರ್ಜಿಗಳಲ್ಲಿ ಮೊದಲ ಕರೆ ಓದಿದರು, ಅಮ್ಮ ಹೊಸ ಸೀರೆಯಲ್ಲಿ ಕಣ್ಣೊರೆಸಿಕೊಂಡರು. ಸೋಮವಾರ ಪತ್ರಿಕೆಯಲ್ಲಿ ಬಂತು: ಅನ್ಯಗ್ರಹಗಳಲ್ಲಿ ಮನುಷ್ಯರಿರುವುದು ಖಂಡಿತ. ಕೆಳಗೆ ನನ್ನ ಹೆಸರು, ಅಪರೂಪಕ್ಕೆ ಅಕ್ಷರ ತಪ್ಪಿಲ್ಲದೆ.

ಬುಧವಾರ ಕಾಲೇಜಿನ ವಿಳಾಸಕ್ಕೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅಕ್ಷರ ದುಂಡಗೆ, ಗೆರೆ ಎಳೆದಂತೆ ನೇರ. ಬರೆದವರು ಆಬ್. ಕುಶಲೋಪರಿ ಒಂದು ಸಾಲು, ಅದರ ಕೆಳಗೆ:

"ಪ್ರಶ್ನೆ: ನೀವು ಖಂಡಿತ ಇದ್ದಾರೆಂದು ಹೇಳಿದ ಆ ಜನರು ಆದಾಮನ ಮಕ್ಕಳೋ, ಅಲ್ಲವೋ? ಹೌದಾದರೆ ಅಲ್ಲಿಗೆ ಹೋದದ್ದು ಹೇಗೆ? ಅಲ್ಲವಾದರೆ ಮೊದಲ ಮನುಷ್ಯ ಆದಾಮನಿಂದ ನಮಗೆಲ್ಲ ಇಳಿದು ಬಂದ ಪಾಪ ಅವರಿಗೆ ಇಲ್ಲ, ಪಾಪ ಇಲ್ಲದವರಿಗೆ ರಕ್ಷಕ ಬೇಡ. ಇದನ್ನು ನಂಬುವವನು ಕ್ರೈಸ್ತನೆಂದು ನನಗೆ ತೋರುವುದಿಲ್ಲ. ಕ್ರೈಸ್ತನಲ್ಲದವನೊಂದಿಗೆ ಮದುವೆಗೆ ಬಿಷಪರ ಅಪ್ಪಣೆ ಬೇಕೆಂಬುದು ನಿಮಗೂ ಗೊತ್ತು. ಮೂರನೆಯ ಕರೆಗೆ ಮೊದಲು ಉತ್ತರ ಬರಲಿ. ಬಾರದಿದ್ದರೆ ನಾನು ಎದ್ದು ನಿಲ್ಲಬೇಕಾಗುತ್ತದೆ. ನಿಮ್ಮ ಮೇಲೆ ನನಗೆ ಬೇಸರವೇನೂ ಇಲ್ಲ."

ಕೊನೆಯ ವಾಕ್ಯ ಓದಿದಾಗಲೇ ನನಗೆ ಬೆವರು ಬಂದದ್ದು. ಬೇಸರ ಇರುವ ಮುದುಕನನ್ನು ಸಮಾಧಾನ ಮಾಡಬಹುದು. ಬೇಸರ ಇಲ್ಲದೆ, ಆತ್ಮಸಾಕ್ಷಿ ಮಾತ್ರ ಇರುವ ಮುದುಕನಿಗೆ ಮದ್ದಿಲ್ಲ.

ಪತ್ರವನ್ನು ಸ್ನೇಹಿತನಿಗೆ ತೋರಿಸಿದೆ. ಅವನು ಪ್ರಯೋಗಶಾಲೆಯ ಸ್ಟೂಲಿನ ಮೇಲೆ ಕೂತು ಎರಡು ಸಲ ಓದಿದ. ಮುಖ ಅರಳಿತು.

"ಇದು ಚಿನ್ನ ಮಾರಾಯ. ಭೂಮಿ ತಿರುಗ್ತದೆ ಅಂದ ಇಟಲಿಯ ಆ ಮುದುಕನನ್ನು ಮೊಣಕಾಲೂರಿಸಿದ್ದು ಹೀಗೇ ಅಲ್ವಾ? ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಪ್ರಶ್ನೋತ್ತರ ಇಡುವ. ಪತ್ರಿಕೆಯವರನ್ನೂ ಕರೆಯುವ."

"ನನಗೆ ಮದುವೆ ಉಂಟು ಮಾರಾಯ."

"ಅದಕ್ಕೆಂತ? ವಿಜ್ಞಾನಕ್ಕಾಗಿ ಜನ ಬೆಂಕಿಗೆ ಹೋಗಿದ್ದಾರೆ. ನಿನಗೆ ಒಂದು ಮದುವೆ ಹೋದರೆ ಇನ್ನೊಂದು."

"ಬೆಂಕಿಗೆ ಹೋದವರಿಗೆ ಅಮ್ಮ ಇರಲಿಲ್ಲ" ಎಂದೆ.

ಅವನು ನಗಲಿಲ್ಲ. ಪತ್ರ ಮಡಚಿ ನನ್ನ ಕೈಗಿಟ್ಟ. "ನೋಡು, ಎಂತ ಬೇಕಾದರೂ ಮಾಡು. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಬೇಡ. ತೆಗೆದುಕೊಂಡರೆ ಈ ಊರಿನಲ್ಲಿ ನಾಳೆಯಿಂದ ನಮ್ಮ ಮಾತಿಗೆ ಮೂರು ಕಾಸಿನ ಬೆಲೆ ಇರುದಿಲ್ಲ. ಮತ್ತೆ ನೀನು ನನ್ನ ಸಂಘದ ಬಾಗಿಲಿಗೆ ಬರುದು ಬೇಡ." ಅವನ ಆತ್ಮಸಾಕ್ಷಿಯೂ ಆಬ್‌ರದಷ್ಟೇ ಚೊಕ್ಕಟವಾಗಿತ್ತು.

ಎರಡನೆಯ ಭಾನುವಾರ ಎರಡನೆಯ ಕರೆ ಆಯಿತು. ಅಂದು ಮಧ್ಯಾಹ್ನವೇ ಬಸ್ಸು ಹತ್ತಿ ಹುಡುಗಿಯ ಊರಿನ ವಿಗಾರರನ್ನು ಕಾಣಲು ಹೋದೆ. ಅವರು ಅಂಗಳದಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ನುಚ್ಚಿನ ತಟ್ಟೆಯನ್ನು ಎದೆಗೆ ಒತ್ತಿಕೊಂಡರು.

"ಗೊತ್ತುಂಟು, ಗೊತ್ತುಂಟು. ನನಗೂ ಹೇಳಿದ್ದಾರೆ."

"ಫಾದರ್, ಈ ವಿಷಯದಲ್ಲಿ ಇಗರ್ಜಿ ಮಾತೆ ಎಂತ ಹೇಳ್ತದೆ?"

"ಏನೂ ಹೇಳುದಿಲ್ಲ."

"ಹಾಗಾದರೆ ನೀವೇ ಅವರಿಗೆ ಒಂದು ಮಾತು ಹೇಳಿ."

"ಇಗರ್ಜಿ ಮಾತೆ ಹೇಳದ್ದನ್ನು ನಾನು ಹೇಳುದಾ? ನಾಳೆ ನನ್ನನ್ನು ಹೆಬ್ರಿಯ ಆಚೆ ಘಟ್ಟದ ಬುಡಕ್ಕೆ ಹಾಕ್ತಾರೆ." ಅವರು ಕೋಳಿಗಳ ಕಡೆ ನೋಡಿದರು. "ಅವರು ಬರವಣಿಗೆಯಲ್ಲಿ ಕೊಟ್ಟರೆ ನಾನು ತಡೆಯಬೇಕು, ಮಂಗಳೂರಿಗೆ ಕಳಿಸಬೇಕು. ಬಿಷಪರು ನಾಲ್ಕು ಜನರನ್ನು ಕೇಳಬೇಕು. ಮಂಗಳೂರಿನಿಂದ ಉತ್ತರ ಬರುವುದರೊಳಗೆ ಮಂಗಳನಿಂದಲೇ ಬಂದೀತು."

ತಮ್ಮ ಮಾತಿಗೆ ತಾವೇ ನಕ್ಕು, ನಾನು ನಗದ್ದನ್ನು ಕಂಡು ನಿಲ್ಲಿಸಿದರು. ಆಮೇಲೆ ಸ್ವರ ಇಳಿಸಿ, "ಒಂದು ಕೆಲಸ ಮಾಡಿ. ಒಂದು ಗೆರೆ ಬರೆದುಕೊಡಿ. ಭೂಮಿ ಬಿಟ್ಟು ಬೇರೆ ಎಲ್ಲಿಯೂ ಮನುಷ್ಯರಿಲ್ಲ ಅಂತ. ಮುಗಿಯಿತಲ್ಲ? ಇಲ್ಲದವರಿಗೆ ಆದಾಮ ಅಪ್ಪನೋ ಅಲ್ಲವೋ ಅಂತ ಯಾರು ಕೇಳ್ತಾರೆ?" ಎಂದರು.

ಎರಡು ಸಾವಿರ ವರ್ಷದ ಅನುಭವ ಇರುವ ಸಂಸ್ಥೆಯ ಬುದ್ಧಿ ಎಂದರೆ ಅದು. ಆ ಒಂದು ಗೆರೆಯನ್ನು ಬರೆದೆ. ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ, ಸಹಿ ಸಮೇತ. ಬರೆದು ಮೂರು ದಿನ ಕಿಸೆಯಲ್ಲಿ ಇಟ್ಟುಕೊಂಡೆ. ಅಂಚೆಗೆ ಹಾಕಲು ಹೊರಟಾಗಲೆಲ್ಲ ಅಂಚೆಪೆಟ್ಟಿಗೆ ರಸ್ತೆಯ ಆಚೆ ಬದಿಗೆ ಹೋಗುತ್ತಿತ್ತು.

ಗುರುವಾರ ಕಾಪುವಿಗೆ ಹೋದೆ. ನಿಶ್ಚಯವಾದ ಹೆಣ್ಣನ್ನು ಗಂಡು ಹೀಗೆ ದಾರಿಯಲ್ಲಿ ಕಾಣುವುದು ಆಗ ಮರ್ಯಾದೆಯ ಸಂಗತಿಯಲ್ಲ. ಅದಕ್ಕೇ ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲರ ಕಣ್ಣೆದುರು ನಿಂತೆ. ನಾಲ್ಕೂಕಾಲಿಗೆ ಶಾಲೆ ಬಿಟ್ಟು ಅವಳು ಬಂದಳು. ಕೈಯಲ್ಲಿ ಛತ್ರಿ, ಎದೆಗೆ ಒತ್ತಿದ ನೋಟುಪುಸ್ತಕಗಳ ಕಟ್ಟು. ಜೊತೆಯ ಇನ್ನೊಬ್ಬ ಟೀಚರ್ ಹತ್ತು ಹೆಜ್ಜೆ ಆಚೆ ನಿಂತು, ಇಡೀ ಜೀವನದಲ್ಲಿ ಬಸ್ಸಿನ ಬೋರ್ಡನ್ನೇ ಕಾಣದವರಂತೆ ಅದನ್ನು ಓದತೊಡಗಿದರು.

"ನಿಮಗೆ ಆಬ್‌ರ ಪತ್ರ ಸಿಕ್ಕಿದೆ ಅಲ್ವಾ?" ಅವಳು ನನ್ನ ಮುಖ ನೋಡದೆ ಕೇಳಿದಳು. "ಮನೆಯಲ್ಲಿ ಮಾತಿಲ್ಲ. ಬೆಳಿಗ್ಗೆ ಹೂ ಕಟ್ಟುವಾಗಲೂ ಯಾರೂ ಬಾಯಿ ಬಿಡುದಿಲ್ಲ. ಅಣ್ಣ ಒಮ್ಮೆ ಅವರ ಹತ್ತಿರ ಜೋರು ಮಾಡಿದ. ಅವರು ಊಟ ಬಿಟ್ಟರು."

"ಅವರು ನಿಜವಾಗಿಯೂ ಎದ್ದು ನಿಲ್ತಾರಾ?"

"ನನ್ನ ಅಪ್ಪನಿಗೆ ದೊಡ್ಡ ಕಾಯಿಲೆ ಅಂತ ಡಾಕ್ಟರು ಅಪ್ಪನಿಗೇ ಹೇಳುದು ಬೇಡ ಅಂದಿದ್ದರು. ಕೇಳಿದ ಮೇಲೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ ಅಂತ ಆಬ್ ಹೇಳಿಯೇ ಬಿಟ್ಟರು. ತಮ್ಮ ಮಗನಿಗೆ. ನೀವು ಎಂತ ಕೇಳುದು?"

ನಾನು ಕಿಸೆಯಿಂದ ಕಾಗದ ತೆಗೆದು ಕೊಟ್ಟೆ. ಅವಳು ಛತ್ರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓದಿದಳು. ಒಂದು ಗೆರೆ ಓದಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

"ಅಲ್ಲಿ ಯಾರೂ ಇಲ್ಲ ಅಂತ ನಿಮಗೆ ಗೊತ್ತುಂಟಾ?"

"ಇಲ್ಲ."

"ಇದ್ದಾರೆ ಅಂತ ಗೊತ್ತಿತ್ತಾ?"

"ಇಲ್ಲ."

"ಮತ್ತೆ ಖಂಡಿತ ಅಂತ ಯಾಕೆ ಹೇಳಿದ್ದು?"

ಇದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ. "ಚಪ್ಪಾಳೆ ಬೀಳ್ತದೆ ಅಂತ ಅನಿಸಿತು" ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಆವತ್ತು ಗೊತ್ತಿಲ್ಲದೆ ಇದ್ದಾರೆ ಅಂದಿರಿ, ಚಪ್ಪಾಳೆಗೆ. ಇವತ್ತು ಗೊತ್ತಿಲ್ಲದೆ ಇಲ್ಲ ಅಂತ ಬರೆದಿದ್ದೀರಿ, ಮದುವೆಗೆ. ಮದುವೆಯಾದ ಮೇಲೆ ನನ್ನ ಹತ್ತಿರವೂ ಹೀಗೇ ಹೇಳುದಾ, ಆಯಾ ಹೊತ್ತಿಗೆ ಬೇಕಾದ ಹಾಗೆ?"

ಬಸ್ಸು ಬಂತು. ಕಂಡಕ್ಟರ್ ಬಾಗಿಲು ಬಡಿದು ಶಂಕರಪುರ ಎಂದು ಕೂಗಿದ. ಅವಳು ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ಕೊಟ್ಟಳು.

"ಇದನ್ನು ಆಬ್‌ಗೆ ಕೊಟ್ಟರೆ ಅವರು ನಂಬುತ್ತಾರೆ. ನಲವತ್ತು ವರ್ಷ ಮಕ್ಕಳನ್ನೇ ನೋಡಿದವರು, ದೊಡ್ಡವರ ಸುಳ್ಳು ಅವರಿಗೆ ಗೊತ್ತಾಗುದಿಲ್ಲ. ಆದರೆ ಮೂರನೆಯ ಕರೆಗೆ ಮೊದಲು ನಾನು ಫಾದರ್ ಹತ್ತಿರ ಹೋಗಿ ಈ ಮದುವೆ ಬೇಡ ಅಂತೇನೆ."

ಹೀಗೆ ಒಂದು ಮದುವೆಗೆ ಅಜ್ಜ, ಸ್ನೇಹಿತ, ಹೆಣ್ಣು ಮೂವರೂ ಅಡ್ಡ ನಿಂತಂತಾಯಿತು. ಮೂವರಲ್ಲಿ ಯಾರಿಗೂ ನನ್ನ ಮೇಲೆ ದ್ವೇಷವಿರಲಿಲ್ಲ. ಅಂದು ಸಂಜೆ ಕಾಪುವಿನ ದೀಪಸ್ತಂಭದ ಬುಡದವರೆಗೆ ಸುಮ್ಮನೆ ನಡೆದುಕೊಂಡು ಹೋದೆ. ಕೆಳಗೆ ಮರಳು, ಹನ್ನೆರಡು ದಿನದ ಹಿಂದೆ ನಾನು ನಕ್ಷತ್ರವೆಂದು ಹಂಚಿದ ಮರಳು, ಬಿದ್ದುಕೊಂಡಿತ್ತು. ಕಾಗದವನ್ನು ಹರಿದು ಅಲ್ಲೇ ಹಾಕಿದೆ.

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಸ್ನೇಹಿತ ಬಾಗಿಲಿನಲ್ಲೇ ನನ್ನ ಭುಜ ಒತ್ತಿ, "ಗಟ್ಟಿ ನಿಲ್ಲು" ಎಂದ. ವೇದಿಕೆಯಲ್ಲಿ ಕೂತು ನೀರು ಕುಡಿದು ತಲೆಯೆತ್ತಿದರೆ, ಮುಂದಿನ ಸಾಲಿನ ಮಧ್ಯದ ಕುರ್ಚಿಯಲ್ಲಿ ಆಬ್. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ, ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿದ ಛತ್ರಿ. ಒಬ್ಬರೇ ಎರಡು ಬಸ್ಸು ಬದಲಿಸಿ ಬಂದಿದ್ದರು. ಉತ್ತರ ಅಂಚೆಯಲ್ಲಿ ಬಾರದ ಕಾರಣ ಸ್ವತಃ ತೆಗೆದುಕೊಂಡು ಹೋಗಲು ಬಂದಂತೆ ಕೂತಿದ್ದರು.

ಸ್ನೇಹಿತನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಸ್ವಾಗತ ಮುಗಿಸಿ ನೇರವಾಗಿ ನನ್ನ ಕಡೆ ತಿರುಗಿದ. "ಕಳೆದ ಸಲ ನಮ್ಮ ಉಪನ್ಯಾಸಕರು ಬೇರೆ ಲೋಕಗಳಲ್ಲಿ ಮನುಷ್ಯರಿರುವುದು ಖಂಡಿತ ಎಂದರು. ಇದರಿಂದ ಕೆಲವು ನಂಬಿಕಸ್ಥರಿಗೆ ನಿದ್ದೆ ಹೋಗಿದೆ ಅಂತ ಕೇಳಿದ್ದೇನೆ." ಸಭೆ ನಕ್ಕಿತು. ಆಬ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಆದ್ದರಿಂದ ಮತ್ತೊಮ್ಮೆ ಕೇಳ್ತೇನೆ. ಇವತ್ತೂ ಖಂಡಿತವಾ?"

ನಾನು ಎದ್ದು ನಿಂತೆ. ಅಷ್ಟರಲ್ಲಿ ಆಬ್ ಕೂಡ ಎದ್ದರು. ವಯಸ್ಸಾದವರೆಂದು ಸ್ನೇಹಿತ ಮೈಕನ್ನು ಅವರ ಕಡೆ ನೀಡಿದ. ಅವರಿಗೆ ಅದು ಬೇಕಾಗಲಿಲ್ಲ.

"ಅಧ್ಯಕ್ಷರು ಕೇಳಿದ್ದು ಅರ್ಧ ಪ್ರಶ್ನೆ. ಉಳಿದರ್ಧ ನಾನು ಕೇಳ್ತೇನೆ. ಅಲ್ಲಿ ಜನ ಇದ್ದಾರಾ? ಇದ್ದರೆ ಅವರು ಆದಾಮನ ಮಕ್ಕಳಾ?"

ಹೇಳಿ ಛತ್ರಿಯ ತುದಿಯಿಂದ ನೆಲಕ್ಕೆ ಒಂದು ಪೆಟ್ಟು ಕೊಟ್ಟರು. ಸಿಮೆಂಟು ನೆಲ, ಸದ್ದು ಛಾವಣಿಗೆ ಹೋಗಿ ಬಂತು.

ಆ ಸದ್ದು ಅಡಗುವುದರೊಳಗೆ ಮನುಷ್ಯ ಎಷ್ಟೊಂದು ಯೋಚಿಸಬಲ್ಲ ಎಂಬುದು ಆಶ್ಚರ್ಯ. ಹೌದು ಎಂದರೆ ಬೆಳಿಗ್ಗೆ ಅಜ್ಜ ಎದ್ದು ನಿಲ್ಲುತ್ತಾರೆ. ಇಲ್ಲ ಎಂದರೆ ಅದಕ್ಕೂ ಮೊದಲು ಮೊಮ್ಮಗಳು ವಿಗಾರರ ಬಾಗಿಲು ತಟ್ಟುತ್ತಾಳೆ. ಉಳಿದ ಒಂದೇ ಉತ್ತರಕ್ಕೆ ಈ ಮುದುಕರು ನಲವತ್ತು ವರ್ಷ ಒಂದೇ ಒಂದು ಶಿಕ್ಷೆ ಕೊಡುತ್ತ ಬಂದವರು. ನಾನೂ ಹೋದ ತಿಂಗಳಷ್ಟೇ ಅದೇ ಉತ್ತರಕ್ಕೆ ಹನ್ನೊಂದು ಹುಡುಗರಿಗೆ ಸೊನ್ನೆ ಕೊಟ್ಟಿದ್ದೆ.

"ಗೊತ್ತಿಲ್ಲ" ಎಂದೆ. ಹಿಂದಿನ ಸಾಲಿಗೂ ಕೇಳಲೆಂದು ಮತ್ತೊಮ್ಮೆ ಹೇಳಿದೆ. "ನನಗೆ ಗೊತ್ತಿಲ್ಲ. ಬೇರೆ ಯಾರಿಗೂ ಗೊತ್ತಿಲ್ಲ. ಇರಬಹುದು ಎಂದು ಹೇಳಲು ಕಾರಣಗಳುಂಟು, ಆಧಾರ ಇಲ್ಲ. ಮಂಗಳನ ಮಣ್ಣಿನ ವಿಷಯದಲ್ಲಿ ಅರ್ಧ ಮಾತ್ರ ಹೇಳಿ ಅರ್ಧ ಬಿಟ್ಟಿದ್ದೆ. ಕಳೆದ ಸಲ ಖಂಡಿತ ಎಂದದ್ದು ಸುಳ್ಳು. ಆ ಜನ ಯಾರ ಮಕ್ಕಳೆಂಬುದೂ ನನಗೆ ಗೊತ್ತಿಲ್ಲ."

ಚಪ್ಪಾಳೆ ಇಲ್ಲ. ಎಲ್ಲೋ ಒಂದು ಕುರ್ಚಿ ಕರಕರ ಎಂದಿತು. ಸ್ನೇಹಿತನ ಮುಖದಿಂದ ಬಣ್ಣ ಇಳಿಯುವುದು ನನಗೆ ಕಾಣುತ್ತಿತ್ತು. ಅವನು ಮೈಕನ್ನು ಹತ್ತಿರ ಎಳೆದುಕೊಂಡು, "ಮದುವೆ ಗೊತ್ತಾದ ಗಂಡಸರನ್ನು ಉಪನ್ಯಾಸಕ್ಕೆ ಕರೆಯಬಾರದು ಎಂಬುದು ಇವತ್ತಿನ ವೈಜ್ಞಾನಿಕ ಸತ್ಯ" ಎಂದ. ಸಭೆ ಈ ಸಲ ನನ್ನ ಮೇಲೆ ನಕ್ಕಿತು. ನಗು ನಿಲ್ಲುವಷ್ಟರಲ್ಲಿ ಮುಂದಿನ ಸಾಲಿನ ಕುರ್ಚಿ ಖಾಲಿಯಾಗಿತ್ತು. ನಾನು ಹೊರಗೆ ಓಡಿದೆ. ಆಬ್ ಛತ್ರಿಯನ್ನು ಊರುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿದ್ದರು. ಕರೆದೆ. ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ.

ಮೂರನೆಯ ಭಾನುವಾರ ನಾನು ನಮ್ಮ ಇಗರ್ಜಿಗೆ ಹೋಗಲಿಲ್ಲ. ಮೊದಲ ಬಸ್ಸಿಗೆ ಕಾರ್ಕಳ ಬಿಟ್ಟು ಅವರ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತೆ. ಗಂಡು ಹೀಗೆ ಹೆಣ್ಣಿನ ಇಗರ್ಜಿಯಲ್ಲಿ ತನ್ನ ಕರೆಯನ್ನು ತಾನೇ ಕೇಳಲು ಬಂದದ್ದನ್ನು ಆ ಊರು ಕಂಡಿರಲಿಲ್ಲ. ಪಿಸುಮಾತು ಬೆಂಚಿನಿಂದ ಬೆಂಚಿಗೆ ಮುಂದೆ ಹೋದದ್ದು ತಲೆಗಳು ತಿರುಗಿದ್ದರಿಂದಲೇ ತಿಳಿಯುತ್ತಿತ್ತು. ಎಡಬದಿಯಲ್ಲಿ ಹೆಂಗಸರ ನಡುವೆ ಅವಳು, ತಲೆಯ ಮೇಲೆ ಸೆರಗು, ತಿರುಗದ ಒಂದೇ ತಲೆ. ಬಲಬದಿಯಲ್ಲಿ ಎರಡನೆಯ ಬೆಂಚಿನ ತುದಿಗೆ ಆಬ್. ಅಂಗಿಯ ಕಿಸೆಯಲ್ಲಿ ಮಡಚಿದ ಒಂದು ಬಿಳಿ ಕಾಗದ. ಅಷ್ಟು ದೂರದಿಂದಲೂ ಕಾಣುತ್ತಿತ್ತು.

ವಿಗಾರರು ಓದಿದರು. ನನ್ನ ಹೆಸರು, ನನ್ನ ತಂದೆಯ ಹೆಸರು, ಅವಳ ಹೆಸರು, ಇಲ್ಲದ ಅವಳ ತಂದೆಯ ಹೆಸರು. ಮೂರನೆಯ ಮತ್ತು ಕೊನೆಯ ಕರೆ. ಅಡ್ಡಿ ಯಾರಿಗಾದರೂ ತಿಳಿದಿದ್ದರೆ. ಅಲ್ಲಿಗೆ ಬಂದು, ಬೇರೆ ದಿನ ಉಸಿರೂ ತೆಗೆಯದೆ ಮುಂದೆ ಓಡುತ್ತಿದ್ದವರು, ನಿಂತರು. ಕನ್ನಡಕದ ಮೇಲಿನಿಂದ ಎರಡನೆಯ ಬೆಂಚನ್ನು ನೋಡಿದರು. ಇಡೀ ಇಗರ್ಜಿ ಆ ಬೆಂಚನ್ನು ನೋಡಿತು.

ಆಬ್ ಏಳಲಿಲ್ಲ.

ಆದರೆ ಪೂಜೆ ಮುಗಿದದ್ದೇ, ಯಾರೊಂದಿಗೂ ಮಾತಾಡದೆ, ಕಿಸೆಯ ಕಾಗದವನ್ನು ಕೈಯಲ್ಲಿ ಹಿಡಿದು, ವಿಗಾರರ ಹಿಂದೆ ಒಳಕೋಣೆಗೆ ಹೋದರು. ಬರವಣಿಗೆಯಲ್ಲಿ ಕೊಟ್ಟರೆ ತಡೆಯಬೇಕು ಎಂದಿದ್ದರು ವಿಗಾರರು. ನಾನು ಹೊರಗೆ ಗಂಟೆಗೋಪುರದ ಕೆಳಗೆ ನಿಂತೆ. ಅವಳು ಗೇಟಿನ ಹತ್ತಿರ ಅಣ್ಣನ ಜೊತೆ ನಿಂತಳು. ಮನೆಗೆ ಹೋಗಬೇಕಾದ ಜನ ಮನೆಗೆ ಹೋಗಲಿಲ್ಲ. ಅಂಗಳದಲ್ಲಿ ಹವಾಮಾನದ ಬಗ್ಗೆ ಮಾತಾಡಿದರು. ಫೆಬ್ರವರಿಯಲ್ಲಿ ನಮ್ಮೂರಿನ ಹವಾಮಾನದ ಬಗ್ಗೆ ಮಾತಾಡಲು ಏನೂ ಇರುವುದಿಲ್ಲ. ಇಪ್ಪತ್ತು ನಿಮಿಷ ಕಳೆಯಿತು.

ಆಬ್ ಹೊರಗೆ ಬಂದರು. ಕೈಯಲ್ಲಿ ಕಾಗದ ಇರಲಿಲ್ಲ. ನೇರ ನನ್ನ ಹತ್ತಿರ ಬಂದು ನಿಂತರು.

"ನಲವತ್ತು ವರ್ಷದಲ್ಲಿ ಆ ಉತ್ತರ ಕೊಟ್ಟವರನ್ನೆಲ್ಲ ಮೊಣಕಾಲೂರಿಸಿದ್ದೇನೆ."

"ಗೊತ್ತುಂಟು" ಎಂದೆ.

"ನಿನ್ನೆ ಬಸ್ಸಿನಲ್ಲಿ ಯೋಚನೆ ಮಾಡಿದೆ. ಅದೇ ಪ್ರಶ್ನೆ ಯಾರಾದರೂ ನನಗೆ ಕೇಳಿದರೆ ನಾನು ಎಂತ ಹೇಳುದು? ನನಗೂ ಗೊತ್ತಿಲ್ಲ." ಅವರು ಛತ್ರಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು. "ಗೊತ್ತಿಲ್ಲ ಅಂದದ್ದನ್ನು ನಂಬಿದ್ದೀರಿ ಅಂತ ನಿಮ್ಮ ಮೇಲೆ ಆಕ್ಷೇಪ ಬರೆಯಲಿಕ್ಕೆ ಬರುದಿಲ್ಲ. ಸುಳ್ಳು ಹೇಳಿದ್ದು ಪಾಪವೇ. ಅದನ್ನು ಹೇಳಿದ ಜಾಗದಲ್ಲೇ ನಿಂತು ತೊಳೆದಾಯಿತು. ಉಳಿದದ್ದನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳಿ."

"ಹಾಗಾದರೆ ಆ ಕಾಗದ?"

"ಅದು ಬೇರೆ. ಒಂದು ವೇಳೆ ಅಲ್ಲಿ ಜನ ಇದ್ದರೆ ಅವರಿಗೆ ಮಕ್ಕಳೂ ಇರ್ತಾರಲ್ಲ ಪುತಾ. ಆ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವವರು ಯಾರು ಅಂತ ಕೇಳಿ ಬರೆದೆ."

ಪುತಾ ಎಂದರೆ ಮಗನೇ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

"ಫಾದರ್ ಎಂತ ಹೇಳಿದರು?"

"ಬಿಷಪರಿಗೆ ಕಳಿಸ್ತೇನೆ ಅಂದರು."

ವಿಗಾರರು ಅದನ್ನು ಕಳಿಸಿದರೋ ಇಲ್ಲವೋ ತಿಳಿಯದು. ಉತ್ತರ ಬರಲಿಲ್ಲ, ಆಬ್ ಸಾಯುವವರೆಗೂ ವರ್ಷಕ್ಕೊಮ್ಮೆ ಅದರ ಬಗ್ಗೆ ವಿಚಾರಿಸುತ್ತಿದ್ದರು. ವೈವಾದಲ್ಲಿ ಗೊತ್ತಿಲ್ಲ ಎಂದವರಿಗೆ ನಾನು ಆ ವರ್ಷದಿಂದ ಎರಡು ಅಂಕ ಕೊಡತೊಡಗಿದೆ, ಇಲಾಖೆಯ ಮುಖ್ಯಸ್ಥರು ಕಾರಣ ಕೇಳಿ ಮೆಮೊ ಕೊಟ್ಟರು. ಸ್ನೇಹಿತ ನನ್ನನ್ನು ಮತ್ತೆ ಸಂಘಕ್ಕೆ ಕರೆಯಲಿಲ್ಲ, ಮದುವೆಗೂ ಬರಲಿಲ್ಲ. ನಾವು ಹದಿನಾರು ವರ್ಷ ಒಂದೇ ಕಾರಿಡಾರಿನಲ್ಲಿ ಎದುರುಬದುರು ನಡೆದೆವು.

ಮದುವೆ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಅವಳ ಊರಿನ ಇಗರ್ಜಿಯಲ್ಲಿ ನಡೆಯಿತು.